ಏಳನೆಯ ಹಾಳೆ

ಮೂರು ದಿನ ನೆನೆಸಿಟ್ಟೆ.
ಮೊದಲ ದಿನ ತುಕ್ಕು ಹಿಡಿದ ಪಿನ್ನುಗಳು ಬಕೆಟ್ಟಿನ ತಳ ಸೇರಿದವು.
ಎರಡನೆಯ ದಿನ ಅಂಕಿಗಳು ಬಿಟ್ಟುಕೊಂಡವು:
ತುಟ್ಟಿಭತ್ಯೆ, ಕಡಿತ, ಹೆಚ್ಚುವರಿ ಪಾಳಿ.
ಮೂರನೆಯ ದಿನ ಕೈ ಹಾಕಿದರೆ
ಆರೋಗ್ಯಸ್ವಾಮಿಯವರ ಇಪ್ಪತ್ತೊಂಬತ್ತು ವರ್ಷದ ಸಂಬಳದ ಚೀಟಿಗಳು
ಅಂಬಲಿಯ ಹಾಗೆ ಬೆರಳ ಸಂದಿಯಲ್ಲಿ ಜಾರಿದವು.

"ಬಿಳಿ ಬರಲ್ಲಮ್ಮ," ಅಂದರು.
"ಬ್ಲೀಚು ಬೇಕು. ನಾವು ಹಾಕ್ತಿದ್ವಿ,
ಹೊಳೆಗೆ ಕಣ್ಣುರಿ ಬರೋ ಅಷ್ಟು."

ಭದ್ರಾವತಿಯ ಹಳೇ ಕ್ವಾರ್ಟರ್ಸು, ಹಿತ್ತಿಲು.
ಗೋಡೆಯಾಚೆ ಕಾಗದದ ಕಾರ್ಖಾನೆ, ಹೊಗೆ ಮರೆತ ಚಿಮಣಿ.
ಕೊಳೆತ ಮೊಟ್ಟೆಯ ಆ ವಾಸನೆಯೂ ಇಲ್ಲ.
ನೆಂಟರು ಮೂಗು ಮುಚ್ಚಿಕೊಂಡು ಬಂದು
ನಾವು ಉಣ್ಣುವುದನ್ನು ಬೆರಗಾಗಿ ನೋಡುತ್ತಿದ್ದ ವಾಸನೆ.
ಈಗ ಗಾಳಿ ಬರೀ ಗಾಳಿ.
ಅದಕ್ಕೇ ಇರಬೇಕು, ಇವರಿಗೆ ನಿದ್ದೆ ಹತ್ತುವುದಿಲ್ಲ.

ಅಂಗಿ ಬಿಚ್ಚಿ ಬೆಂಚಿನ ಮೇಲೆ ಬೋರಲು ಮಲಗಿದರು.
ಲೂರ್ದಮ್ಮ ಬಾಗಿಲಲ್ಲಿ ನಿಂತು,
"ಬರೆಯೋಕೆ ಇಡೀ ಜಿಲ್ಲೇಲಿ ಇವರ ಬೆನ್ನೇ ಸಿಕ್ಕಿತಾ?"
ಎನ್ನುತ್ತಲೇ ಒಳಹೋಗಿ ಬಿಸಿನೀರು ತಂದರು.
ತಣ್ಣೀರಿಗೆ ಕೆಮ್ಮು ಬರುತ್ತದಂತೆ.

ನಾನು ಬರೆಯುವುದಿಲ್ಲ, ಇಡುತ್ತೇನೆ.
ಚೌಕಟ್ಟಿನಿಂದ ಆಗಷ್ಟೇ ಎತ್ತಿದ ಹಾಳೆಗೆ
ತಾನು ಹಾಳೆಯೆಂದು ಇನ್ನೂ ಖಾತ್ರಿಯಿಲ್ಲ:
ಮುಕ್ಕಾಲು ನೀರು, ಉಳಿದದ್ದು ನಾರು.

ಹೆಗಲಮೂಳೆಗಳ ನಡುವೆ ನೀರು ತಂಗಿತು,
ಎರಡು ಗುಡ್ಡಗಳ ಮಡಿಲಲ್ಲಿ ಮಂಜು ತಂಗುವ ಹಾಗೆ.
ಬೆನ್ನುಹುರಿಯ ಗುಂಟ ಇಳಿದು
ಸೊಂಟದ ತಗ್ಗಿನಲ್ಲಿ ಲಕ್ಕವಳ್ಳಿಯಾಗಿ ನಿಂತಿತು.
ಎಡಪಕ್ಕೆಯಲ್ಲಿ ಉಗಿ ಸುಟ್ಟ ಹಳೇ ಕಲೆ:
ಕಾಡು ಬೋಳಿಸಿ ನೀಲಗಿರಿ ನೆಟ್ಟ ದಿಬ್ಬದಂತೆ
ಅಲ್ಲಿ ಚರ್ಮ ಒಂದೇ ಬಣ್ಣ,
ಹಕ್ಕಿ ಕೂರದ ಬಣ್ಣ.

ಇದೆಲ್ಲ ಆಮೇಲೆ ಹೊಳೆದದ್ದು.
ಆಗ ಹೇಳಿದ್ದು ಇಷ್ಟೇ: ಉಸಿರು ಸಣ್ಣಗೆ ಬಿಡಿ, ಗುಳ್ಳೆ ಏಳುತ್ತೆ.

ಅವರು ಸಣ್ಣಗೆ ಬಿಡಲಿಲ್ಲ.
ಬಿಸಿಲು ಸರಿಯುವ ತನಕ ರಾತ್ರಿಪಾಳಿಯ ಕಥೆ ಹೇಳಿದರು:
ಬಿದಿರ ಚೂರುಗಳ ಜೊತೆ ಯಂತ್ರದೊಳಗೆ ಹೋದ ಹಸಿರುಹಾವು,
ಕೂಗಿದರೂ ಯಾರಿಗೂ ಕೇಳಲಿಲ್ಲ, ಅಷ್ಟು ಸದ್ದು;
ಅದು ಯಾವ ರೀಮಿನಲ್ಲಿ ಹೋಯಿತೋ,
ಯಾವ ಊರಿನ ಮಗು ಅದರ ಮೇಲೆ ಮಗ್ಗಿ ಬರೆಯಿತೋ.
ಹೇಳುತ್ತ ನಕ್ಕರು.
ನಕ್ಕಲ್ಲಿ ಹಾಳೆ ಬಿರುಕು ಬಿಟ್ಟಿತು.
ತೇಪೆ ಹಾಕಲಿಲ್ಲ.

ಒಣಗಿದ್ದನ್ನು ಬಿಡಿಸುವಾಗ
ನಾಲ್ಕು ಬಿಳಿಕೂದಲು ಹಾಳೆಯ ಪಾಲಾದವು.

ಶಿವಮೊಗ್ಗದಲ್ಲಿ ಸಾಲಾಗಿ ಹನ್ನೊಂದು ತೂಗುಹಾಕಿದೆ,
ಹೆಸರಿಲ್ಲ, ಬರೀ ಸಂಖ್ಯೆ, ಹಿಂದಿನಿಂದ ದೀಪ.
ಒಬ್ಬ ಮೇಷ್ಟ್ರು ಇದು ತುಂಗೆಯ ಕಣಿವೆಯೇ ಎಂದರು.
ಇನ್ನೊಬ್ಬರು ಅಮೂರ್ತ ಎಂದು ಹೇಳಿ ನಿರಾಳವಾದರು.
ಒಂದು ಹುಡುಗಿ ಮಾತ್ರ, ಹಾಲಿನ ಕೆನೆ, ಅಂದಳು.

ಆರೋಗ್ಯಸ್ವಾಮಿ ಇಸ್ತ್ರಿಯ ಅಂಗಿಯಲ್ಲಿ ಬಂದರು.
ಏಳನೆಯದನ್ನು ದಾಟಿ ಹೋಗಿ ತಿರುಗಿ ಬಂದರು.
ಮೂಲೆ ಹಿಡಿದು, ಕಿವಿಯ ಹತ್ತಿರ ತಂದು,
ಮೆಲ್ಲಗೆ ಅಲುಗಿಸಿ ಕೇಳಿಸಿಕೊಂಡರು.
"ಚದರ ಮೀಟರಿಗೆ ನೂರ ಎಂಬತ್ತು ಗ್ರಾಮು.
ನಾರು ಚೆನ್ನಾಗಿ ಹೆಣೆದಿದೆ. ಒಳ್ಳೇ ಮಾಲು.
ಯಾರದ್ದಮ್ಮ ಇದು?"

ತನ್ನ ಬೆನ್ನು ತನಗೆ ಕಾಣದು ಅಂತ ಗಾದೆ.
ಕಣ್ಣೆದುರು ತೂಗುಹಾಕಿದರೂ ಕಾಣದು ಅಂತ
ಗಾದೆ ಮಾಡಿದವರಿಗೂ ಗೊತ್ತಿರಲಿಲ್ಲ.

ಲೂರ್ದಮ್ಮ ಚೀಲ ಕೆಳಗಿಟ್ಟರು.
ಮುಟ್ಟಬೇಡಿ ಎಂಬ ಬೋರ್ಡಿನ ಪಕ್ಕದಿಂದಲೇ ಕೈ ಚಾಚಿ
ಎರಡು ಗುಡ್ಡಗಳ ನಡುವೆ,
ನೀರು ತಂಗಿ ಒರಟಾದಲ್ಲಿ, ಹೆಬ್ಬೆರಳು ಊರಿದರು.

"ಇಲ್ಲಿಗೆ ಇವರಿಗೆ ಕೈ ಎಟುಕಲ್ಲ," ಅಂದರು.
"ಸೋಪು ನಾನೇ ಹಚ್ಚೋದು."